ಕ್ಲೀನರ್‌ನಿಂದ ಮಾಲಕನವರೆಗೆ: ಮುರಿಯುತ್ತಿರುವ ಏಣಿಯನ್ನು ಜೋಡಿಸುವವರು ಯಾರು?

ಮುಂಬಯಿ ಮಹಾನಗರದ ಕನ್ನಡ ಸಂಘ-ಸಂಸ್ಥೆಗಳ ವಾರ್ಷಿಕ ಕಾರ್ಯಕ್ರಮಗಳಲ್ಲಿ ಕೆಲವು ವರ್ಷಗಳಿಂದ ಒಂದು ಹೊಸ ವಿಷಯ ಸೇರಿಕೊಂಡಿದೆ. ಯಕ್ಷಗಾನ, ಭಜನೆ, ಅರಸಿನ ಕುಂಕುಮ, ಆಟಿಡೊಂಜಿ ದಿನ, ವಿದ್ಯಾರ್ಥಿವೇತನ ವಿತರಣೆ ಮುಂತಾದವುಗಳ ಜೊತೆಗೆ ‘ನಾಯಕತ್ವ ಮತ್ತು ಉದ್ಯಮಶೀಲತೆ’ ಎಂಬ ವಿಚಾರ ಸಂಕಿರಣವೂ ನಡೆಯುತ್ತಿದೆ. ಬದಲಾಗುತ್ತಿರುವ ವ್ಯಾಪಾರ ಜಗತ್ತಿಗೆ ಯುವಜನರನ್ನು ಸಜ್ಜುಗೊಳಿಸಬೇಕೆಂಬ ಪದಾಧಿಕಾರಿಗಳ ಕಾಳಜಿ ಶ್ಲಾಘನೀಯವೇ ಸರಿ. ದೊಡ್ಡ ಪದವಿಗಳುಳ್ಳ ಸಂಪನ್ಮೂಲ ವ್ಯಕ್ತಿ ಬರುತ್ತಾರೆ, ಪರದೆಯ ಮೇಲೆ ಚಿತ್ರಗಳು ಮೂಡುತ್ತವೆ, ಅಮೆರಿಕದ ಗ್ಯಾರೇಜಿನಲ್ಲಿ ಹುಟ್ಟಿದ ಕಂಪನಿಗಳ ಕಥೆ ಬರುತ್ತದೆ. ಕೊನೆಗೆ ಶಾಲು, ಫಲಪುಷ್ಪ, ಸ್ಮರಣಿಕೆ, ಆಮೇಲೆ ಊಟ.

ಇಂಥ ಸಭೆಯ ಕೊನೆಯ ಸಾಲಿನಲ್ಲಿ ಸಾಮಾನ್ಯವಾಗಿ ಎಪ್ಪತ್ತು ದಾಟಿದ ಹೊಟೇಲ್ ಮಾಲಕರೊಬ್ಬರು ಕುಳಿತಿರುತ್ತಾರೆ. ಪರದೆಯ ಮೇಲಿನ ಇಂಗ್ಲಿಷ್ ಶಬ್ದಗಳಲ್ಲಿ ಅರ್ಧ ಅವರಿಗೆ ತಿಳಿಯುವುದಿಲ್ಲ. ಆದರೆ ಭಾಷಣಕಾರರು ವಿವರಿಸುತ್ತಿರುವ ಕೆಲಸವನ್ನೇ ಅವರು ನಲವತ್ತು ವರ್ಷ ಗಲ್ಲಾದ ಹಿಂದೆ ಕುಳಿತು ಮಾಡಿದ್ದಾರೆ. ಗಿರಾಕಿಯ ಮನಸ್ಸನ್ನು ಅರಿತಿದ್ದಾರೆ, ಸಾಲ ಮಾಡಿ ತೀರಿಸಿದ್ದಾರೆ, ಹತ್ತಾರು ಮಂದಿಗೆ ಕೆಲಸ ಕೊಟ್ಟಿದ್ದಾರೆ, ಅವರಲ್ಲಿ ನಾಲ್ಕು ಮಂದಿಯನ್ನು ಮಾಲಕರನ್ನಾಗಿ ಮಾಡಿದ್ದಾರೆ. ಅವರನ್ನು ವೇದಿಕೆಗೆ ಕರೆಯುವುದು ದೇಣಿಗೆಗಾಗಿ ಅಥವಾ ಸನ್ಮಾನಕ್ಕಾಗಿ ಮಾತ್ರ. ‘ನೀವು ಇದನ್ನೆಲ್ಲ ಹೇಗೆ ಮಾಡಿದಿರಿ, ಸ್ವಲ್ಪ ಹೇಳಿ’ ಎಂದು ಯಾರೂ ಕೇಳುವುದಿಲ್ಲ. ಓದು ಕಡಿಮೆ ಎಂಬ ಅಳುಕಿನಿಂದ ಅವರೂ ಹೇಳಲು ಮುಂದಾಗುವುದಿಲ್ಲ.

ತುಳು-ಕನ್ನಡಿಗರ ಹೊಟೇಲು ಮುಂಬಯಿಯಲ್ಲಿ ಕೇವಲ ಇಡ್ಲಿ-ದೋಸೆ ಮಾರಿದ ಜಾಗವಲ್ಲ, ಉದ್ಯಮಿಗಳನ್ನು ತಯಾರಿಸಿದ ಶಾಲೆಯೂ ಹೌದು. ಆ ಶಾಲೆಯಲ್ಲಿ ಒಂದು ಏಣಿ ಇತ್ತು. ಇಂದು ಆ ಏಣಿಯ ಮೆಟ್ಟಿಲುಗಳು ಒಂದೊಂದಾಗಿ ಮುರಿಯುತ್ತಿವೆ. ನಾಯಕತ್ವದ ಬಗ್ಗೆ ಚಿಂತಿಸುವ ಸಂಘಗಳು ಮೊದಲು ಗಮನಿಸಬೇಕಾದದ್ದು ಇದನ್ನು.

ಮೆಟ್ಟಿಲು ಮೆಟ್ಟಿಲಾಗಿ ಪಾಠ

ಊರಿನಿಂದ ಬಂದವರ ಕಥೆ ಹೆಚ್ಚುಕಡಿಮೆ ಒಂದೇ. ಗೇಣಿಯ ಗದ್ದೆ, ಮನೆ ತುಂಬ ಮಕ್ಕಳು, ಅರ್ಧಕ್ಕೆ ನಿಂತ ಓದು. ಸಂಬಂಧಿಕರ ವಿಳಾಸದ ಚೀಟಿ ಕಿಸೆಯಲ್ಲಿಟ್ಟುಕೊಂಡು ಬಸ್ಸು ಹತ್ತಿದ ಹುಡುಗ ಮರುದಿನದಿಂದಲೇ ಹೊಟೇಲಿನಲ್ಲಿ ಕ್ಲೀನರ್. ಮೇಜು ಒರೆಸುವವನಿಗೆ ತಟ್ಟೆಯಲ್ಲಿ ಯಾವುದು ಉಳಿಯುತ್ತದೆ ಎಂಬುದು ಮೊದಲು ಕಾಣುತ್ತದೆ. ಪಲ್ಯ ಉಳಿದರೆ ಭಟ್ರ ಕೈ ತಪ್ಪಿದೆ ಎಂದರ್ಥ. ಅಲ್ಲಿಂದ ಸಪ್ಲೈಯರ್ ಆದಾಗ ಗಿರಾಕಿಯ ಮುಖ, ಅಭಿರುಚಿ, ಅವಸರ ಎಲ್ಲವನ್ನೂ ನೆನಪಿಡುವ ಪಾಠ. ಮರಾಠಿ, ಗುಜರಾತಿ, ಹಿಂದಿ ಮೂರೂ ಅಲ್ಲಿಯೇ ನಾಲಗೆಗೆ ಹತ್ತುತ್ತಿದ್ದವು. ಗಲ್ಲಾಕ್ಕೆ ಬಂದಾಗ ಬೇಳೆಯ ಧಾರಣೆ, ಹಾಲಿನವನ ಬಾಕಿ, ಉದ್ರಿಯ ಲೆಕ್ಕ. ಮ್ಯಾನೇಜರ್ ಆದಾಗ ಇಪ್ಪತ್ತು ಮಂದಿಯನ್ನು ಒಂದೇ ಸೂರಿನಡಿ ಜಗಳವಿಲ್ಲದೆ ನಡೆಸುವ ಕಲೆ.

ಕೊನೆಯ ಮೆಟ್ಟಿಲು ಪಾಲುದಾರಿಕೆಯದು. ಒಬ್ಬ ಮನುಷ್ಯ ಎರಡು ಗಲ್ಲಾಗಳಲ್ಲಿ ಕುಳಿತುಕೊಳ್ಳಲಾರ. ಆದ್ದರಿಂದ ಎರಡನೆಯ ಹೊಟೇಲು ತೆರೆಯುವ ಧನಿಗಳು ನಂಬಿಗಸ್ತ ಮ್ಯಾನೇಜರನನ್ನು ಕರೆದು ‘ಎರಡಾಣೆ ಪಾಲು ನಿನ್ನದು, ಅಂಗಡಿ ನೀನೇ ನೋಡಿಕೋ’ ಎನ್ನುತ್ತಿದ್ದರು. ಹದಿನಾರಾಣೆಯಲ್ಲಿ ಎರಡಾಣೆ ಎಂದರೆ ಎಂಟನೆಯ ಒಂದು ಭಾಗ. ಹಣ ಹಾಕಲು ಇಲ್ಲದವನು ದುಡಿಮೆಯನ್ನೇ ಬಂಡವಾಳವಾಗಿ ಹಾಕುತ್ತಿದ್ದ. ಕೆಲವು ವರ್ಷಗಳಲ್ಲಿ ಎರಡಾಣೆ ನಾಲ್ಕಾಣೆಯಾಗಿ, ಒಂದು ದಿನ ಅವನೂ ಸ್ವಂತ ಹೊಟೇಲು ತೆರೆದು ತನ್ನ ಮ್ಯಾನೇಜರನಿಗೆ ಎರಡಾಣೆ ಕೊಡುತ್ತಿದ್ದ. ಏಣಿ ಎಂದರೆ ಇದೇ. ನಾಯಕನಾದವನು ಇನ್ನೊಬ್ಬ ನಾಯಕನನ್ನು ತಯಾರಿಸಬೇಕು ಎಂಬ ಮಾತನ್ನು ಅವರು ಪುಸ್ತಕದಲ್ಲಿ ಓದಿರಲಿಲ್ಲ. ವ್ಯಾಪಾರ ಬೆಳೆಯಬೇಕಾದರೆ ಬೇರೆ ದಾರಿ ಇಲ್ಲ ಎಂದು ಅನುಭವದಿಂದ ತಿಳಿದಿದ್ದರು.

ಹಗಲಿಡೀ ದುಡಿದವರಿಗೆ ರಾತ್ರಿ ಶಾಲೆಗಳು ಕೈಹಿಡಿದವು. ಫೋರ್ಟ್‌ನಿಂದ ಉಪನಗರಗಳವರೆಗೆ ಸಂಘಗಳೇ ನಡೆಸಿದ ಕನ್ನಡ ರಾತ್ರಿ ಶಾಲೆಗಳಲ್ಲಿ ಎಸ್ಸೆಸ್ಸಿ ಮುಗಿಸಿ, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿ, ಬ್ಯಾಂಕು, ಕಚೇರಿ, ವಕೀಲಿ ವೃತ್ತಿಗಳಿಗೆ ಹೋದವರ ಸಂಖ್ಯೆ ಸಣ್ಣದಲ್ಲ.

ಆ ಕಾಲವನ್ನು ಚಿನ್ನದ ಕಾಲವೆಂದು ಹೊಗಳುವುದೂ ಸರಿಯಲ್ಲ. ಏಣಿಯ ಕೆಳಗಿನ ಮೆಟ್ಟಿಲಿನಲ್ಲಿ ಎಳೆಯ ಮಕ್ಕಳ ಕಣ್ಣೀರೂ ಇತ್ತು. ಮೇಜಿನ ಮೇಲೆಯೇ ನಿದ್ದೆ, ಬೈಗುಳ, ವರ್ಷಕ್ಕೊಮ್ಮೆ ಊರಿನ ಮುಖ. ಹದಿನಾಲ್ಕು ವರ್ಷದೊಳಗಿನವರನ್ನು ಹೊಟೇಲು ಕೆಲಸಕ್ಕೆ ಇಟ್ಟುಕೊಳ್ಳುವುದನ್ನು 2006ರ ಅಕ್ಟೋಬರ್‌ನಲ್ಲಿ ಸರಕಾರ ನಿಷೇಧಿಸಿದ್ದು ಯೋಗ್ಯವೇ ಆಗಿದೆ. ಉಳಿಯಬೇಕಾದದ್ದು ಆ ಕಷ್ಟವಲ್ಲ. ಕೆಳಗಿದ್ದವನಿಗೆ ಮೇಲೆ ಹತ್ತಲು ದಾರಿ ಇತ್ತಲ್ಲ, ಅದು ಉಳಿಯಬೇಕು.

ಕಾಲ ಬದಲಾದಾಗ ಬದಲಾದವರು

ಹಳಬರು ಬದಲಾವಣೆಗೆ ಹೆದರುವವರು ಎಂಬ ಮಾತು ಯುವಕರ ಬಾಯಲ್ಲಿ ಆಗಾಗ ಕೇಳಿಬರುತ್ತದೆ. ಇತಿಹಾಸ ಬೇರೆಯೇ ಹೇಳುತ್ತದೆ. ಬೆಂಗಳೂರಿನ ಎಂ.ಟಿ.ಆರ್. ಹೊಟೇಲು ಆರಂಭವಾದದ್ದು 1924ರಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆಯಿಂದ ಇಡ್ಲಿ ಮಾಡಿ ನೋಡಿದವರು ಅವರು. ಇಂದು ರವೆ ಇಡ್ಲಿ ಇಲ್ಲದ ಉಡುಪಿ ಹೊಟೇಲು ಅಪರೂಪ. 1975ರ ತುರ್ತು ಪರಿಸ್ಥಿತಿಯಲ್ಲಿ ಸರಕಾರ ಹೊಟೇಲು ತಿಂಡಿಗಳ ದರವನ್ನು ತೀರಾ ಕೆಳಗೆ ನಿಗದಿಪಡಿಸಿದಾಗ, ಗುಣಮಟ್ಟ ಇಳಿಸಲೊಪ್ಪದ ಮಯ್ಯ ಕುಟುಂಬ ನಷ್ಟದಲ್ಲಿಯೇ ತಿಂಡಿ ಕೊಟ್ಟು, ದಿನದ ನಷ್ಟವನ್ನು ಹೊಟೇಲಿನ ಎದುರು ಫಲಕದಲ್ಲಿ ಬರೆಯುತ್ತಿತ್ತು. ಹಾಗೆ ಎಷ್ಟು ದಿನ ನಡೆದೀತು? ತಿಂಡಿಯ ಮಿಶ್ರಣಗಳನ್ನು ಪೊಟ್ಟಣ ಕಟ್ಟಿ ಮಾರುವ ದಾರಿ ಹುಡುಕಿದರು. ಆ ಪೊಟ್ಟಣದ ವ್ಯಾಪಾರವೇ ಬೆಳೆದು, 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಕಂಪನಿ ಅದನ್ನು ಕೊಂಡುಕೊಳ್ಳುವಷ್ಟು ದೊಡ್ಡದಾಯಿತು.

ಮುಂಬಯಿಯ ಉದಾಹರಣೆ ಇನ್ನೂ ಹತ್ತಿರದ್ದು. ಮೂಲ್ಕಿ ಕಡೆಯಿಂದ ಬಂದ, ಹಣ್ಣಿನ ವ್ಯಾಪಾರಿಯ ಮಗ ರಘುನಂದನ ಕಾಮತ್ ಅಣ್ಣನ ಹೊಟೇಲಿನಲ್ಲಿ ದುಡಿಯುತ್ತಿದ್ದರು. ಐಸ್‌ಕ್ರೀಮಿನಲ್ಲಿ ಹಣ್ಣಿನ ವಾಸನೆಯ ಬದಲು ಹಣ್ಣನ್ನೇ ಯಾಕೆ ಹಾಕಬಾರದು ಎಂಬ ಪ್ರಶ್ನೆ ಅವರ ತಲೆಯಲ್ಲಿ ಹುಟ್ಟಿತು. 1984ರಲ್ಲಿ ಜುಹೂವಿನಲ್ಲಿ ‘ನ್ಯಾಚುರಲ್ಸ್’ ತೆರೆದಾಗ ಬರೀ ಐಸ್‌ಕ್ರೀಮಿಗೆ ಜನ ಬರುತ್ತಾರೋ ಇಲ್ಲವೋ ಎಂಬ ಅನುಮಾನದಿಂದ ಜೊತೆಗೆ ಖಾರದ ಪಾವ್‌ಭಾಜಿಯನ್ನೂ ಇಟ್ಟರು. ಐಸ್‌ಕ್ರೀಮ್ ಹೆಸರು ಮಾಡಿದ ಮೇಲೆ ಪಾವ್‌ಭಾಜಿಯನ್ನು ನಿಲ್ಲಿಸಿದರು. ಈ ಎರಡು ಹೆಜ್ಜೆಗಳಲ್ಲಿ ಉದ್ಯಮಶೀಲತೆಯ ದೊಡ್ಡ ಪಾಠವಿದೆ: ಹೊಸದನ್ನು ಮಾಡುವಾಗ ಹೊಟ್ಟೆಪಾಡಿಗೆ ಒಂದು ಆಧಾರ ಇಟ್ಟುಕೊಳ್ಳಬೇಕು, ಹೊಸದು ನಿಂತ ಮೇಲೆ ಆಧಾರವನ್ನು ಬಿಡುವ ಧೈರ್ಯವೂ ಬೇಕು. 2024ರ ಮೇ ತಿಂಗಳಲ್ಲಿ ಅವರು ನಿಧನರಾದಾಗ ದೇಶದ ಇಂಗ್ಲಿಷ್ ಪತ್ರಿಕೆಗಳೂ ದೊಡ್ಡದಾಗಿ ಬರೆದವು.

ಕಾರ್ಕಳ ಕಡೆಯ ಜಯರಾಮ ಬನಾನ್ ಮುಂಬಯಿ ಸಮೀಪದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವುದರಿಂದ ಆರಂಭಿಸಿ, ಏಣಿಯ ಪ್ರತಿಯೊಂದು ಮೆಟ್ಟಿಲು ಹತ್ತಿ, 1986ರಲ್ಲಿ ದಿಲ್ಲಿಯ ಡಿಫೆನ್ಸ್ ಕಾಲನಿಯಲ್ಲಿ ‘ಸಾಗರ್’ ತೆರೆದರು. ಅದೇ ಮುಂದೆ ‘ಸಾಗರ್ ರತ್ನ’ ಎಂದು ಉತ್ತರ ಭಾರತದಲ್ಲಿ ಹಬ್ಬಿತು. 2011ರಲ್ಲಿ ಹೂಡಿಕೆ ಸಂಸ್ಥೆಯೊಂದು ಅದರಲ್ಲಿ ದೊಡ್ಡ ಪಾಲನ್ನು ಖರೀದಿಸಿತು. ಕ್ಯಾಂಟೀನಿನ ಕ್ಲೀನರ್ ಕಟ್ಟಿದ ಹೆಸರಿಗೆ ಹೂಡಿಕೆದಾರರು ಬೆಲೆ ಕಟ್ಟಿದರು.

ಎರಡಾಣೆಯ ಬ್ಯಾಂಕು

ಉದ್ಯಮಕ್ಕೆ ಬುದ್ಧಿ ಇದ್ದರೆ ಸಾಲದು, ಬಂಡವಾಳವೂ ಬೇಕು. ಇದರಲ್ಲಿಯೂ ಕರಾವಳಿಯವರು ತಮ್ಮದೇ ದಾರಿ ಕಂಡುಕೊಂಡಿದ್ದರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕಿನ ಡಾ. ಟಿ.ಎಂ.ಎ. ಪೈ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವ ಸಣ್ಣ ವ್ಯಾಪಾರಿಯ ಬಾಗಿಲಿಗೆ ಏಜೆಂಟ್ ಹೋಗಿ ದಿನಕ್ಕೆ ಎರಡಾಣೆಯಾದರೂ ಸರಿ, ಸಂಗ್ರಹಿಸುತ್ತಿದ್ದ. ತಿಂಗಳ ಕೊನೆಗೆ ಕೈಯಲ್ಲಿ ಹಣ ಉಳಿಯುವುದಿಲ್ಲ, ದಿನದ ಕೊನೆಗೆ ಉಳಿಯುತ್ತದೆ ಎಂಬ ಸಣ್ಣ ಸತ್ಯವನ್ನು ಗಮನಿಸಿದ್ದೇ ಆ ಯೋಜನೆಯ ಜೀವಾಳ. ಕೃಷಿಕರ ನೆರವಿಗೆಂದು ಅತ್ತಾವರ ಬಾಲಕೃಷ್ಣ ಶೆಟ್ಟಿಯವರು ಮುಂದೆ ನಿಂತು 1931ರಲ್ಲಿ ವಿಜಯಾ ಬ್ಯಾಂಕ್ ಕಟ್ಟಿದರು. ಮುಂಬಯಿಯಲ್ಲಿ ಬಿಲ್ಲವರ ಅಸೋಸಿಯೇಶನ್ ಮುಂದಾಳತ್ವದಲ್ಲಿ 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕ್ ಸ್ಥಾಪನೆಯಾಯಿತು.

ವಿಜಯಾ ಬ್ಯಾಂಕ್ 2019ರ ಎಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾದೊಂದಿಗೆ, ಸಿಂಡಿಕೇಟ್ ಬ್ಯಾಂಕ್ 2020ರ ಎಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನೊಂದಿಗೆ ವಿಲೀನವಾದವು. ನಾಮಫಲಕ ಇಳಿದಾಗ ಅನೇಕರ ಕಣ್ಣು ತೇವವಾಯಿತು. ಆದರೆ ಆ ವಿಚಾರ ಸಾಯಲಿಲ್ಲ. ಇಂದು ಕ್ಯೂಆರ್ ಕೋಡ್ ಕಂಪನಿಗಳು ಸಣ್ಣ ಅಂಗಡಿಗಳಿಗೆ ಸಾಲ ಕೊಟ್ಟು ದಿನದ ವ್ಯಾಪಾರದಿಂದಲೇ ಕಂತು ವಸೂಲು ಮಾಡುತ್ತಿವೆ. ಪಿಗ್ಮಿಯ ಹಿಂದಿದ್ದ ಅದೇ ಸೂತ್ರವನ್ನು ಹೊಸ ಕಂಪನಿಗಳು ಸಾಲಕ್ಕೆ ಹೊಂದಿಸಿಕೊಂಡಿವೆ. ಹಳೆಯದು ಎಂದು ಮೂಲೆಗೆ ಹಾಕಿದ್ದರಲ್ಲಿ ನಾಳೆಯ ವ್ಯಾಪಾರ ಅಡಗಿರಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಆ್ಯಪ್ ಶತ್ರುವೋ ಮಿತ್ರನೋ?

ಈಗಿನ ಹೊಟೇಲು ಮಾಲಕರ ಬಾಯಲ್ಲಿ ದೊಡ್ಡ ದೂರು ಆಹಾರ ವಿತರಣೆಯ ಆ್ಯಪ್‌ಗಳದ್ದು. ಕಮಿಷನ್ ಕೊಟ್ಟು ಕೊಟ್ಟು ಸಾಕಾಯಿತು ಎನ್ನುವವರಿದ್ದಾರೆ, ಆ್ಯಪ್ ಇಲ್ಲದಿದ್ದರೆ ಬಾಗಿಲು ಹಾಕಬೇಕಿತ್ತು ಎನ್ನುವವರೂ ಇದ್ದಾರೆ. ಇಬ್ಬರ ಮಾತೂ ನಿಜವಿರಬಹುದು, ಯಾಕೆಂದರೆ ಉತ್ತರ ಅವರವರ ಲೆಕ್ಕ ಪುಸ್ತಕದಲ್ಲಿದೆ.

ಒಂದು ಸಣ್ಣ ಲೆಕ್ಕ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ನೂರು ರೂಪಾಯಿಯ ಮಸಾಲೆ ದೋಸೆಗೆ ಸಾಮಾನು 35 ರೂಪಾಯಿ, ಗ್ಯಾಸ್-ಕರೆಂಟು 8 ರೂಪಾಯಿ ಎಂದಿಟ್ಟುಕೊಂಡರೆ ಕೈಯಲ್ಲಿ ಉಳಿಯುವುದು 57. ಇದರಲ್ಲಿ ಸಂಬಳ ಮತ್ತು ಬಾಡಿಗೆಯ ಪಾಲು 42 ಹೋದರೆ ಮಾಲಕರಿಗೆ 15. ಇದೇ ದೋಸೆ ಆ್ಯಪ್ ಮೂಲಕ ಹೋದಾಗ 20 ರೂಪಾಯಿ ಕಮಿಷನ್, 5 ರೂಪಾಯಿ ಪ್ಯಾಕಿಂಗ್ ಕಳೆದು ಉಳಿಯುವುದು 32. ಮೇಜುಗಳು ಎಂದಿನಂತೆ ತುಂಬಿದ್ದು, ಈ ದೋಸೆ ಹೆಚ್ಚುವರಿಯಾಗಿ ಹೋಗಿದ್ದರೆ ಆ 32 ಪೂರ್ತಿ ಲಾಭವೇ. ಬಾಡಿಗೆ, ಸಂಬಳ ಹೇಗೂ ಕೊಟ್ಟಾಗಿದೆ. ಆದರೆ ನಿನ್ನೆ ಮೇಜಿನ ಮೇಲೆ ತಿನ್ನುತ್ತಿದ್ದ ಗಿರಾಕಿಯೇ ಇಂದು ಮನೆಯಲ್ಲಿ ಕುಳಿತು ಆ್ಯಪ್‌ನಲ್ಲಿ ತರಿಸಿಕೊಂಡರೆ 25 ರೂಪಾಯಿ ಕೈಬಿಟ್ಟಿತು. ಇಡೀ ವ್ಯಾಪಾರವೇ ಹಾಗಾದರೆ 32ರಲ್ಲಿ 42 ಕೊಡಬೇಕು, ದೋಸೆಗೆ 10 ರೂಪಾಯಿ ನಷ್ಟ.

ತನ್ನ ಹೊಟೇಲಿನಲ್ಲಿ ಯಾವುದು ನಡೆಯುತ್ತಿದೆ ಎಂದು ಬಲ್ಲವನು ಆ್ಯಪ್‌ಗೆ ಯಾವ ತಿಂಡಿ ಕೊಡಬೇಕು, ಯಾವುದನ್ನು ಕೊಡಬಾರದು, ಯಾವ ಹೊತ್ತಿನಲ್ಲಿ ನಿಲ್ಲಿಸಬೇಕು ಎಂದು ತೀರ್ಮಾನಿಸಬಲ್ಲ. ತಟ್ಟೆಯಲ್ಲಿ ಉಳಿದ ಪಲ್ಯವನ್ನು ನೋಡಿ ತಪ್ಪು ಹಿಡಿಯುತ್ತಿದ್ದ ಕಣ್ಣು ಈಗ ಮೊಬೈಲಿನಲ್ಲಿ ಬರುವ ಲೆಕ್ಕವನ್ನು ನೋಡಬೇಕಾಗಿದೆ. ಕೆಲಸ ಅದೇ, ತಟ್ಟೆ ಬೇರೆ.

ತೆರಿಗೆಯ ವಿಷಯವೂ ಹೀಗೆಯೇ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಗೊಂದಲವಿತ್ತು. ಅದೇ ವರ್ಷದ ನವೆಂಬರ್‌ನಿಂದ ಸಾಮಾನ್ಯ ಹೊಟೇಲುಗಳಿಗೆ ಶೇ. 5 ದರ ಬಂತು, ಆದರೆ ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಹಿಂಪಡೆಯುವ ಸೌಲಭ್ಯ ಹೋಯಿತು. 2022ರ ಜನವರಿಯಿಂದ ಆ್ಯಪ್ ಮೂಲಕ ಹೋಗುವ ಊಟದ ತೆರಿಗೆಯನ್ನು ಆ್ಯಪ್ ಕಂಪನಿಯೇ ಕಟ್ಟುತ್ತದೆ. ಇವನ್ನೆಲ್ಲ ಅಕೌಂಟೆಂಟ್ ನೋಡಿಕೊಳ್ಳುತ್ತಾನೆ ಎಂದು ಕೈತೊಳೆದುಕೊಂಡರೆ ದರಪಟ್ಟಿ ಬರೆಯುವಾಗಲೇ ತಪ್ಪಾಗುತ್ತದೆ.

ಇನ್ನೊಂದು ಒಳ್ಳೆಯ ಬದಲಾವಣೆಯನ್ನು ಅನೇಕರು ಗಮನಿಸಿಲ್ಲ. ಹಿಂದೆ ಗಲ್ಲಾದಲ್ಲಿ ನಗದು ತುಂಬಿದ್ದರೂ ಪುಸ್ತಕದಲ್ಲಿ ವ್ಯಾಪಾರ ತೋರುತ್ತಿರಲಿಲ್ಲ. ಸಾಲ ಕೇಳಲು ಹೋದಾಗ ಬ್ಯಾಂಕಿನವರು ಕಾಗದ ಕೇಳಿದರೆ ತೋರಿಸಲು ಏನೂ ಇರುತ್ತಿರಲಿಲ್ಲ. ಈಗ ಯುಪಿಐ ಮೂಲಕ ಬರುವ ಹತ್ತು ರೂಪಾಯಿಯ ಚಹಾವೂ ಖಾತೆಯಲ್ಲಿ ದಾಖಲಾಗುತ್ತದೆ. ಆ ದಾಖಲೆಯೇ ಸಣ್ಣ ವ್ಯಾಪಾರಿಯ ಜಾಮೀನು. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ಆಸ್ತಿ ಅಡವಿಡದೆ ಹತ್ತು ಲಕ್ಷದವರೆಗೆ ಸಾಲ ದೊರೆಯುತ್ತದೆ. ಹಿಂದಿನ ದೊಡ್ಡ ಸಾಲವನ್ನು ಸರಿಯಾಗಿ ತೀರಿಸಿದವರಿಗೆ 2024ರಲ್ಲಿ ಮಿತಿಯನ್ನು ಇಪ್ಪತ್ತು ಲಕ್ಷಕ್ಕೆ ಏರಿಸಲಾಗಿದೆ. ಮುಂಬಯಿಯ ಬಾಡಿಗೆಗೆ ಇದು ದೊಡ್ಡ ಮೊತ್ತವಲ್ಲದಿದ್ದರೂ ಉಪನಗರದ ಸಣ್ಣ ತಿಂಡಿ ಅಂಗಡಿಗೆ, ಮನೆಯಲ್ಲೇ ಕ್ಯಾಟರಿಂಗ್ ಮಾಡುವ ಮಹಿಳೆಗೆ ಇದು ಮೊದಲ ಮೆಟ್ಟಿಲಾಗಬಲ್ಲದು.

ಬೀಗದ ಕೈ ಯಾರ ಸೊಂಟದಲ್ಲಿ?

ಹಾಗಾದರೆ ಏಣಿ ಮುರಿದದ್ದು ಎಲ್ಲಿ? ಒಂದು ಕಡೆ ಜಾಗದ ಡಿಪಾಸಿಟ್ಟು, ಬಾಡಿಗೆ ಗಗನಕ್ಕೇರಿ, ಸಂಬಳ ಉಳಿಸಿ ಹೊಟೇಲು ತೆರೆಯುವುದು ಕನಸಾಯಿತು. ಇನ್ನೊಂದು ಕಡೆ ಮಾಲಕರ ಮಕ್ಕಳು ಎಂಜಿನಿಯರು, ಡಾಕ್ಟರು ಆಗಿ ಬೆಂಗಳೂರು, ಅಮೆರಿಕ ಸೇರಿದರು. ಅದು ತಪ್ಪೇನೂ ಅಲ್ಲ, ಮಕ್ಕಳು ಓದಲಿ ಎಂದೇ ತಂದೆ ಬೆಳಗಿನ ಜಾವ ನಾಲ್ಕಕ್ಕೆ ಎದ್ದದ್ದು. ಆದರೆ ಇದರ ಫಲವಾಗಿ ಹೊಟೇಲನ್ನು ‘ಕಂಡಕ್ಟಿಂಗ್’ಗೆ ಕೊಟ್ಟು ತಿಂಗಳಿಗಿಷ್ಟು ಎಂದು ಕೈನೀಡುವ ಪದ್ಧತಿ ಹೆಚ್ಚಿತು. ಹಣ ಬರುತ್ತದೆ, ಚಿಂತೆ ಇಲ್ಲ. ಆದರೆ ಅಲ್ಲಿಗೆ ಮಾಲಕ ಉದ್ಯಮಿಯಾಗಿ ಉಳಿಯುವುದಿಲ್ಲ, ಬಾಡಿಗೆ ಎಣಿಸುವವನಾಗುತ್ತಾನೆ. ನಡೆಸುವವನಿಗೂ ನಾಳೆ ಇದು ತನ್ನದೆಂಬ ಭರವಸೆ ಇಲ್ಲದ್ದರಿಂದ ಗೋಡೆಗೆ ಸುಣ್ಣ ಹೊಡೆಸಲೂ ಮನಸ್ಸಿಲ್ಲ.

ಮಕ್ಕಳು ಬರಲೊಪ್ಪಿದ ಕಡೆಯೂ ಸಮಸ್ಯೆ ಇಲ್ಲದಿಲ್ಲ. ಮಗನಿಗೆ ನಲವತ್ತೈದಾದರೂ ಬೀಗದ ಕೈ ತಂದೆಯ ಸೊಂಟದಲ್ಲಿಯೇ. ಹೊಸ ಮೆನು, ಹೊಸ ಬಿಲ್ಲಿಂಗ್ ಯಂತ್ರ, ಅಡುಗೆಮನೆಗೊಂದು ಚಿಮಿಣಿ, ಯಾವುದಕ್ಕೂ ‘ನೋಡೋಣ’ ಎಂಬ ಒಂದೇ ಉತ್ತರ. ಮಗಳಿಗೆ ಆಸಕ್ತಿ ಇದ್ದರಂತೂ ಆ ಪ್ರಶ್ನೆಯೇ ಏಳುವುದಿಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ತನಗೆ ಯಾರೋ ಒಬ್ಬರು ಗಲ್ಲಾ ಬಿಟ್ಟುಕೊಟ್ಟದ್ದನ್ನು ತಂದೆ ಮರೆತಿರುತ್ತಾರೆ. ಬೀಗದ ಕೈಯನ್ನು ಸಕಾಲದಲ್ಲಿ ಕೊಡುವುದು, ಕೊಟ್ಟ ಮೇಲೆ ದಿನಕ್ಕೆ ಹತ್ತು ಸಲ ಇಣುಕದಿರುವುದು, ಅಂಗಡಿ ತೆರೆಯುವುದಕ್ಕಿಂತ ಕಷ್ಟದ ಕೆಲಸ.

ಕಾಗದವಿಲ್ಲದ ಪಾಲುದಾರಿಕೆ ಮೂರನೆಯ ಕಾರಣ. ಭಾವ-ಮೈದುನ, ಅಣ್ಣ-ತಮ್ಮ, ಊರಿನವರು ಎಂದು ಬಾಯಿಮಾತಿನಲ್ಲಿ ಆರಂಭವಾದ ಪಾಲು ಮೊದಲ ತಲೆಮಾರಿನಲ್ಲಿ ನಡೆಯುತ್ತದೆ, ಎರಡನೆಯ ತಲೆಮಾರಿನಲ್ಲಿ ಕೋರ್ಟು ಸೇರುತ್ತದೆ. 1932ರ ಪಾಲುದಾರಿಕೆ ಕಾಯಿದೆಯ ಪ್ರಕಾರ ಬೇರೆ ಒಪ್ಪಂದ ಇಲ್ಲದಿದ್ದರೆ ಪಾಲುದಾರರಿಗೆ ಲಾಭ ಸಮಪಾಲು. ಅಂದರೆ ಎರಡಾಣೆ, ನಾಲ್ಕಾಣೆ ಎಂಬ ಮಾತಿಗೆ ಪುರಾವೆ ಬೇಕು. ಬೇರೆ ಒಪ್ಪಂದ ಇಲ್ಲದಿದ್ದರೆ ಒಬ್ಬ ಪಾಲುದಾರ ತೀರಿಕೊಂಡೊಡನೆ ಪಾಲುದಾರಿಕೆಯೇ ಕೊನೆಗೊಳ್ಳುತ್ತದೆ. ನಲವತ್ತು ವರ್ಷ ಗಳಿಸಿದ ಹೆಸರು ಒಂದು ಕಾಗದ ಇಲ್ಲದ ಕಾರಣಕ್ಕೆ ಹನ್ನೆರಡು ದಿನದ ಸೂತಕ ಕಳೆಯುವ ಮೊದಲೇ ಜಗಳಕ್ಕೆ ಬೀಳುವುದನ್ನು ಕಂಡವರು ಬಹಳ ಮಂದಿ ಇದ್ದಾರೆ. ‘ನಮ್ಮೊಳಗೆ ಕಾಗದ ಯಾಕೆ?’ ಎಂಬುದು ಪ್ರೀತಿಯ ಮಾತಲ್ಲ. ಪ್ರೀತಿ ಉಳಿಯಬೇಕಾದರೆ ಕಾಗದ ಬೇಕು.

ಮೇಜು ಒರೆಸುವವನು ಈಗ ಯಾರು?

ಒಂದು ಕಹಿ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕಾಗಿದೆ. ಇಂದು ಮುಂಬಯಿಯ ಉಡುಪಿ ಹೊಟೇಲಿನಲ್ಲಿ ಮೇಜು ಒರೆಸುವವನು, ದೋಸೆ ಹುಯ್ಯುವವನು ಅನೇಕ ಕಡೆ ಒಡಿಶಾ, ಝಾರ್ಖಂಡ್, ಉತ್ತರ ಪ್ರದೇಶ, ಬಂಗಾಳದ ಹುಡುಗ. ಐವತ್ತು ವರ್ಷಗಳ ಹಿಂದೆ ಊರಿನಿಂದ ಬಂದವರ ಕಣ್ಣಲ್ಲಿದ್ದ ಹಸಿವು, ಆಸೆ ಇಂದು ಅವನ ಕಣ್ಣಲ್ಲಿದೆ. ಸಾಂಬಾರಿನ ಹದ, ಹಿಟ್ಟಿನ ಹುಳಿ ಅವನಿಗೆ ಮಾಲಕರ ಮಗನಿಗಿಂತ ಚೆನ್ನಾಗಿ ತಿಳಿದಿದೆ. ಆದರೆ ಅವನಿಗೆ ಎರಡಾಣೆ ಪಾಲು ಕೊಟ್ಟವರೆಷ್ಟು?

‘ನಮ್ಮವನಲ್ಲವಲ್ಲ’ ಎಂಬ ಉತ್ತರ ಬರಬಹುದು. ಮುಂಬಯಿ ಕೂಡ ಅಂದು ಇದೇ ಉತ್ತರ ಕೊಡಬಹುದಿತ್ತು. ಮರಾಠಿ ಗಿರಾಕಿ, ಗುಜರಾತಿ ಕಟ್ಟಡ ಮಾಲಕ, ಪಾರ್ಸಿ ಕಚೇರಿಯ ಬಾಬು ಇವರೆಲ್ಲ ಭಾಷೆ ಬಾರದ ಹುಡುಗನ ಕೈಯಿಂದ ಚಹಾ ಕುಡಿದು, ಜಾಗ ಕೊಟ್ಟು, ಉದ್ರಿ ಕೊಟ್ಟು ಬೆಳೆಸಿದ್ದರಿಂದಲೇ ಇಂದು ಸಂಘಗಳಿಗೆ ಸಭಾಗೃಹಗಳಿವೆ. ಕರಾವಳಿಯಿಂದ ಹುಡುಗರು ಬರುವುದಿಲ್ಲ ಎಂದು ಕೊರಗುವುದಕ್ಕಿಂತ, ಬಂದಿರುವ ಹುಡುಗನಿಗೆ ಏಣಿ ತೋರಿಸಿದರೆ ಉಡುಪಿ ಹೊಟೇಲಿನ ಹೆಸರಾದರೂ ಉಳಿದೀತು. ಇದರಿಂದ ಸಮಾಜಕ್ಕೆ ಏನು ಲಾಭ ಎಂದು ಕೇಳುವವರು ಕಂಡಕ್ಟಿಂಗ್‌ಗೆ ಕೊಟ್ಟು ಹೆಸರು ಕೆಡಿಸಿಕೊಂಡ ಹೊಟೇಲುಗಳನ್ನೊಮ್ಮೆ ನೋಡಬೇಕು. ಪಾಲು ಇದ್ದವನು ಹೆಸರು ಕೆಡಿಸುವುದಿಲ್ಲ.

ಸಂಘಗಳು ಏನು ಮಾಡಬಹುದು?

ಸಂಘಗಳಿಗೆ ಶಕ್ತಿ ಇಲ್ಲವೆಂದಲ್ಲ. ರಾತ್ರಿ ಶಾಲೆ ನಡೆಸಿದವು, ಬ್ಯಾಂಕು ಕಟ್ಟಿದವು, ಕಾಲೇಜು ಕಟ್ಟಿದವು. ಈಗ ಬೇಕಾಗಿರುವುದು ಅಷ್ಟು ದೊಡ್ಡದೂ ಅಲ್ಲ.

ಮೊದಲನೆಯದಾಗಿ, ವರ್ಷಕ್ಕೊಂದು ಸಂಕಿರಣದ ಬದಲು ತಿಂಗಳಿಗೊಂದು ಭಾನುವಾರ ಸಲಹಾ ಮೇಜು ಇಡಬಹುದು. ಪ್ರತಿ ಸಂಘದಲ್ಲಿಯೂ ನಿವೃತ್ತ ಬ್ಯಾಂಕ್ ನೌಕರರು, ಲೆಕ್ಕ ಪರಿಶೋಧಕರು, ವಕೀಲರು ಇದ್ದಾರೆ. ಪಾಲುದಾರಿಕೆ ಪತ್ರ, ಸಾಲದ ಅರ್ಜಿ, ಪರವಾನಿಗೆ, ತೆರಿಗೆ ಇವುಗಳ ಬಗ್ಗೆ ಬಂದವರಿಗೆ ಕನ್ನಡದಲ್ಲಿ, ತುಳುವಿನಲ್ಲಿ, ಬೇಕಿದ್ದರೆ ಹಿಂದಿಯಲ್ಲಿ ದಾರಿ ತೋರಿಸಲು ಅವರಿಗೆ ಎರಡು ಗಂಟೆ ಸಾಕು.

ಎರಡನೆಯದಾಗಿ, ಕಾಲೇಜು ಮುಗಿಸಿದ ಹುಡುಗ-ಹುಡುಗಿಯರನ್ನು ಆರು ತಿಂಗಳು ಅನುಭವಸ್ಥ ಹೊಟೇಲಿಗರ ಬಳಿ ಗೌರವಧನದ ಮೇಲೆ ಕಲಿಯಲು ಕಳುಹಿಸಬಹುದು. ಖರೀದಿಗೆ ಬೆಳಗಿನ ಮಾರ್ಕೆಟ್, ಅಡುಗೆಮನೆ, ಗಲ್ಲಾ, ರಾತ್ರಿಯ ಲೆಕ್ಕ ಎಲ್ಲವನ್ನೂ ನೋಡಲಿ. ಆಮೇಲೆ ಹೊಟೇಲೇ ಮಾಡಬೇಕೆಂದಿಲ್ಲ. ಸಾಫ್ಟ್‌ವೇರ್ ಕಂಪನಿ ತೆರೆದರೂ ಗಿರಾಕಿಯ ಮುಖ ಓದುವ ವಿದ್ಯೆ ಕೈಬಿಡುವುದಿಲ್ಲ.

ಮೂರನೆಯದಾಗಿ, ಸಮಾಜದ ಸಹಕಾರಿ ಬ್ಯಾಂಕು, ಕ್ರೆಡಿಟ್ ಸೊಸೈಟಿಗಳು ತಮ್ಮ ನಿಯಮದ ಚೌಕಟ್ಟಿನಲ್ಲಿ, ದುಡಿಯುವ ಮ್ಯಾನೇಜರ್ ಪಾಲು ಖರೀದಿಸಲು ಸಾಲ ಕೊಡುವ ಯೋಜನೆ ರೂಪಿಸಬಹುದು. ಮಾರುವ ಮಾಲಕರಿಗೆ ಹಣ, ಕೊಳ್ಳುವವನಿಗೆ ಮಾಲಕತ್ವ, ಹೊಟೇಲಿಗೆ ಹಳೆಯ ಹೆಸರು ಉಳಿಯುತ್ತದೆ.

ನಾಲ್ಕನೆಯದು ಸಂಘಗಳ ಒಳಗಿನದೇ. ಬೀಗದ ಕೈಯ ಮಾತು ಹೊಟೇಲಿಗೆ ಮಾತ್ರ ಅನ್ವಯಿಸುವುದಲ್ಲ. ಅಧ್ಯಕ್ಷ, ಕಾರ್ಯದರ್ಶಿ, ಕೋಶಾಧಿಕಾರಿ ಸ್ಥಾನಗಳು ಅದೇ ನಾಲ್ಕು ಮಂದಿಯ ನಡುವೆ ಸುತ್ತುತ್ತಿದ್ದರೆ ಯುವ ವಿಭಾಗ ಎಂಬುದು ಕುರ್ಚಿ ಜೋಡಿಸುವ ವಿಭಾಗವಾಗಿಯೇ ಉಳಿಯುತ್ತದೆ. ಮೂವತ್ತರ ಯುವತಿಗೆ ಸಂಘದ ಆಯವ್ಯಯ ಬರೆಯುವ ಅಧಿಕಾರ ಕೊಟ್ಟರೆ ಅದಕ್ಕಿಂತ ದೊಡ್ಡ ನಾಯಕತ್ವ ಶಿಬಿರ ಇನ್ನೊಂದಿಲ್ಲ.

ವ್ಯಾಪಾರದಲ್ಲಿ ಅಪಾಯವಿದೆ, ಇದ್ದ ನೌಕರಿ ಬಿಟ್ಟು ಮಕ್ಕಳನ್ನು ಯಾಕೆ ಈ ಬೆಂಕಿಗೆ ತಳ್ಳಬೇಕು ಎಂಬ ತಾಯಂದಿರ ಆತಂಕ ಸುಳ್ಳಲ್ಲ. 2020ರ ಲಾಕ್‌ಡೌನ್‌ನಲ್ಲಿ ತಿಂಗಳುಗಟ್ಟಲೆ ಹೊಟೇಲು ಮುಚ್ಚಿ, ಮತ್ತೆ ತೆರೆಯಲಾಗದೆ ಹೋದವರಿದ್ದಾರೆ. ಹಾಗೆಂದು ನೌಕರಿಯೂ ಈಗ ಹಿಂದಿನಂತೆ ಕಲ್ಲಿನ ಮೇಲೆ ಬರೆದದ್ದಾಗಿ ಉಳಿದಿಲ್ಲ. ಎಲ್ಲರೂ ಮಾಲಕರಾಗಬೇಕಾಗಿಲ್ಲ. ಆಗಬೇಕೆಂಬವನಿಗೆ ದಾರಿ ಇರಬೇಕು, ಬಿದ್ದರೆ ಎತ್ತುವ ಕೈ ಇರಬೇಕು, ಅಷ್ಟೆ.

ಎ. ರಾಮ ನಾಯಕರು 1942ರಲ್ಲಿ ಮಾತುಂಗ ರೈಲು ನಿಲ್ದಾಣದ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದಾಗ ಹೊರಗೆ ಯುದ್ಧ ನಡೆಯುತ್ತಿತ್ತು, ಆಗಸ್ಟ್ ಚಳವಳಿ ನಡೆಯುತ್ತಿತ್ತು. ಅನುಕೂಲದ ಕಾಲ ಬರಲಿ ಎಂದು ಅವರು ಕಾಯಲಿಲ್ಲ. ವ್ಯಾಪಾರದ ಜಗತ್ತು ಅಂದೂ ಬದಲಾಗುತ್ತಿತ್ತು, ಇಂದೂ ಬದಲಾಗುತ್ತಿದೆ. ಮುಂದಿನ ಸಂಕಿರಣದಲ್ಲಿ ಸಂಪನ್ಮೂಲ ವ್ಯಕ್ತಿಯ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿ, ಕೊನೆಯ ಸಾಲಿನ ಆ ಹಿರಿಯರನ್ನು ಅಲ್ಲಿ ಕುಳ್ಳಿರಿಸಿದರೆ ಸಾಕು. ಅವರು ಭಾಷಣ ಮಾಡಲಾರರು. ಆದರೆ ಯಾರಿಗೆ ಮೊದಲ ಎರಡಾಣೆ ಪಾಲು ಕೊಟ್ಟೆ, ಯಾಕೆ ಕೊಟ್ಟೆ ಎಂದು ಹೇಳಬಲ್ಲರು. ಸಭೆಯಲ್ಲಿರುವ ಯುವಜನರಿಗೆ ಬೇಕಾದ ಪಾಠ ಅದರಲ್ಲಿದೆ.